ಎರಡು ಮಿಲಿಮೀಟರ್

ಪೂರ್ತಿ ತೆರೆದರೆ ಕತ್ತಲೆ.
ಅರ್ಧ ಮುಚ್ಚಿದರೆ ಬೆಳಕು.
ಹೀಗಾಗಿ ನಾಲ್ಕು ತಿಂಗಳಿಂದ ನಾನು
ಒಂದು ಲಕ್ಷ ಮೂವತ್ತೆಂಟು ಸಾವಿರದ ಮುಂದೆ
ಕತ್ತು ಬಗ್ಗಿಸಿ ಕೂರುತ್ತೇನೆ,
ಬಾಗಿಲ ಸಂದಿಯಿಂದ ಪಕ್ಕದ ಮನೆಯ ಜಗಳ ನೋಡುವವಳ ಹಾಗೆ.

ಶೋರೂಮಿನ ಹುಡುಗ ಒಂದೇ ಬೆರಳಲ್ಲಿ ಮುಚ್ಚಳ ಎತ್ತಿ ತೋರಿಸಿದ್ದ:
'ನೋಡಿ ಮೇಡಂ, ಎಷ್ಟು ತೆಳು!'
ನಿಜ. ಕಾಲರಿಗೆ ಹಾಕುವ ಕ್ಯಾನ್ವಾಸಿನ ನಾಲ್ಕು ಮಡಿಕೆ, ಅಷ್ಟೆ.
ಎರಡೇ ತೂತು.
ಒಂದು ಚಾರ್ಜರಿಗೆ,
ಇನ್ನೊಂದರ ಮುಂದೆ ಉಳಿದ ಪ್ರಪಂಚವೆಲ್ಲ ಸಾಲು ನಿಲ್ಲಬೇಕು:
ಮೌಸು, ಪೆನ್‌ಡ್ರೈವು, ಪ್ಯಾಟರ್ನ್ ಗೀಚುವ ಪ್ಲಾಟರು.
ಅವಕ್ಕೆಲ್ಲ ಸೇರಿ ಒಂದು ಬಿಳಿ ಬಾಲ, ನಾಲ್ಕೂವರೆ ಸಾವಿರ.
ಅದನ್ನೂ ಒಂದು ದಿನ ಲೋಕಲ್ಲಿನಲ್ಲಿ ಬಿಟ್ಟುಬಂದೆ.
ಸಿಕ್ಕಿದವರಿಗೆ ಏನೆಂದೇ ತಿಳಿದಿರಲಿಕ್ಕಿಲ್ಲ.

ಮೊದಲು ಕೈಕೊಟ್ಟದ್ದು ನಾಲ್ಕರ ಕೀಲಿ.
ಎದೆ ಮೂವತ್ತನಾಲ್ಕು ಎಂದು ಒತ್ತಿದರೆ
ಮುನ್ನೂರ ನಲವತ್ತನಾಲ್ಕು.
ಯಾವ ರಾಕ್ಷಸಿಯ ರವಿಕೆಯೋ!
ನಕ್ಕೆವು, ನಾನೂ ಕಾಜಾ ಹಾಕುವ ಹುಸ್ನಾರಾಳೂ.
ಪರದೆ ಹೋದ ದಿನ ನಗಲಿಲ್ಲ.
ಕಂತು ಹದಿನೆಂಟು, ವಾರಂಟಿ ಹನ್ನೆರಡು,
ಅದು ಕಣ್ಣು ಮುಚ್ಚಿದ್ದು ಹದಿನಾಲ್ಕನೆಯ ತಿಂಗಳು.

ಕುರ್ಲಾದ ಗಾಜಿನ ಕಟ್ಟಡದಲ್ಲಿ
ತಣ್ಣಗೆ, ಆಸ್ಪತ್ರೆಯಲ್ಲಿ ಹೇಳುವ ಹಾಗೆ ಹೇಳಿದರು:
'ಪರದೆ ಪೂರ್ತಿ ಬದಲಿಸಬೇಕು. ಎಪ್ಪತ್ತೊಂದು ಸಾವಿರ.'
ಆಮೇಲೆ ಕಾಫಿ ಬೇಕೇ ಎಂದು ಕೇಳಿದರು.

ಲ್ಯಾಮಿಂಗ್ಟನ್ ರಸ್ತೆಯಲ್ಲಿ, ಮೆಟ್ಟಿಲ ಕೆಳಗಿನ ಮೂರಡಿಯಲ್ಲಿ,
ಖೀಮ್ಜಿ ಗಾಲಾ ಕಾಫಿ ಕೇಳಲಿಲ್ಲ.
ಐದೆಸಳಿನ ಸ್ಕ್ರೂ ಒಂದೊಂದೇ ತಿರುಗಿಸಿ
ಬೆನ್ನು ಬಿಚ್ಚಿ, ಚಿಮಟದ ತುದಿಯಲ್ಲಿ ತೋರಿಸಿದ
ರಿಬ್ಬನ್ನಿನಂಥ ಒಂದು ಪಟ್ಟಿ.
'ಬೆಳಕು ಹೋಗೋದು ಇದರಲ್ಲಿ ಬೆಹೆನ್.
ಮುಚ್ಚಳ ಎತ್ತಿದಾಗೆಲ್ಲ ಎಳೆಯುತ್ತೆ, ಎಳೆದೆಳೆದು ಹರಿಯುತ್ತೆ.
ಗಿಡ್ಡ ಕತ್ತರಿಸಿದ್ದಾರೆ.
ಇನ್ನೆರಡು ಮಿಲಿಮೀಟರ್ ಇದ್ದಿದ್ದರೆ ಸಾಕಿತ್ತು.
ಮೂವತ್ತು ರೂಪಾಯಿ ಮಾಲು. ಆದರೆ ನೋಡಿ, ಪರದೆಗೇ ಬೆಸೆದುಬಿಟ್ಟಿದ್ದಾರೆ.'

ಎರಡು ಮಿಲಿಮೀಟರ್.
ಸೂಜಿಯ ಕಣ್ಣಿಗೆ ಅಷ್ಟು ಜಾಗ ಬೇಕಾಗುತ್ತದೆ.

ದಾದರಿನಲ್ಲಿ ಪೆಡ್ನೇಕರ್ ಮಾಸ್ತರರ ಹತ್ತಿರ ಕಲಿಯುವಾಗ
ಬಟ್ಟೆ ಉಳಿಸಿದ ಜಂಬದಲ್ಲಿ ನಾನೊಂದು ರವಿಕೆ ಕತ್ತರಿಸಿದ್ದೆ,
ಅಳತೆಗೆ ಸರಿಯಾಗಿ, ಒಂದೆಳೆ ಹೆಚ್ಚಿಲ್ಲದೆ.
ಅವರು ಪಕ್ಕದ ಹೊಲಿಗೆಯೊಳಗೆ ಹೆಬ್ಬೆರಳು ತೂರಿಸಿ,
ತೂರದೆ, ನನ್ನ ಮುಖ ನೋಡಿದರು.
'ಹೆಂಗಸು ಉಣ್ಣುತ್ತಾಳೆ, ಹೆರುತ್ತಾಳೆ, ಜ್ವರ ಬಂದು ಸೊರಗುತ್ತಾಳೆ.
ಮೈ ನಿನ್ನ ಟೇಪಿನ ಮಾತು ಕೇಳುತ್ತದೆಯೇನೇ?
ಒಳಗೆ ಒಂದು ಬೆರಳು ಬಟ್ಟೆ ಬಿಡು.
ಕಾಣಬೇಕಾಗಿಲ್ಲ. ಇರಬೇಕು.'

ಸುಳ್ಳು ಹೇಳಬಾರದು.
ತೆಳುವೆಂದೇ ಕೊಂಡದ್ದು ನಾನು.
ಬಾಂದ್ರಾದ ಬೊಟಿಕ್ಕಿನ ಅಮೃತಶಿಲೆ ಮೇಜಿನ ಮೇಲೆ
ಅದನ್ನಿಟ್ಟ ದಿನ ದರದ ಚೌಕಾಸಿ ಆಗಲಿಲ್ಲ.
ಈಗಲೂ ದಿನಾ ಸಂಜೆ ರೇಷ್ಮೆಯ ತುಂಡಿನಿಂದ ಒರೆಸುತ್ತೇನೆ.

'ಬಿಟ್ಟು ಹೋಗಿ, ಕೈಹಾಕಿ ನೋಡುತ್ತೇನೆ,' ಅಂದ ಖೀಮ್ಜಿ,
'ಉಳಿದರೆ ಉಳಿಯಿತು.'
ಮದುವೆಯ ಸೀಸನ್ನು, ಒಳಗೆ ಇಪ್ಪತ್ತಾರು ರವಿಕೆಯ ಪ್ಯಾಟರ್ನು.
ಬಿಡಲಿಲ್ಲ. ಎದೆಗವಚಿಕೊಂಡು ಡೊಂಬಿವಲಿಯ ಗಾಡಿ ಹತ್ತಿದೆ.

ನಿನ್ನೆ ರಾತ್ರಿ ಕರೆಂಟು ಹೋಯಿತು.
ಬೆಳಗಾದರೆ ಖಾಡಿಲ್ಕರ್ ಬಾಯಿಯ ರವಿಕೆ ಕೊಡಬೇಕು,
ಒಂಬತ್ತು ವರ್ಷದ್ದು,
ಮಗಳ ಮದುವೆಗೆ ಅದನ್ನೇ ತೊಡುತ್ತಾರಂತೆ.
ಅರೆತೆರೆದ ಪರದೆಯ ಬೆಳಕಿಗೆ ಹಿಡಿದು
ಪಕ್ಕದ ಹೊಲಿಗೆ ಬಿಚ್ಚಿದೆ.
ಹೊರಗೆಲ್ಲ ಒಗೆದೊಗೆದು ಬೂದಿ.
ಒಳಗಿಂದ ಬೆರಳಗಲ ಬಂತು ಬದನೆಯ ಬಣ್ಣ,
ಒಂದು ದಿನವೂ ಬಿಸಿಲು ಕಂಡಿಲ್ಲ,
ಹಿಂದ್‌ಮಾತಾದ ಥಾನಿನಿಂದ ಈಗಷ್ಟೇ ಕತ್ತರಿಸಿ ತಂದಂತೆ.
ಇನ್ನಷ್ಟು ಚೆನ್ನಾಗಿ ನೋಡೋಣವೆಂದು
ಮುಚ್ಚಳ ಮೇಲೆತ್ತಿದೆ, ಮರೆತು.

ಉಳಿದ ಹೊಲಿಗೆಯನ್ನು
ಕತ್ತಲಲ್ಲಿ ಬೆರಳಿಂದಲೇ ಹುಡುಕಿ ಬಿಚ್ಚಿದೆ.